ಐದು ಚಕ್ರದ ಜೋಡು

ತಿರುಪ್ಪೂರು
5-6-1988

ಪ್ರೀತಿಯ ತಂಗಿ ಚಂದ್ರಾಳಿಗೆ,

ಎದೆ ಹೇಗಿದೆ ಎಂದು ಅಮ್ಮ ಕೇಳಿದರೆ ಚೆನ್ನಾಗಿದೆ ಎಂದು ಹೇಳು. ಅದು ನಿಜ. ಕೆಮ್ಮು ಕಾಣಿಸಿಕೊಳ್ಳದೆ ಐದು ತಿಂಗಳಾಯಿತು. ಯಾವುದರಿಂದ ವಾಸಿಯಾಯಿತು ಎಂದು ಕೇಳಿದರೆ ಮಾತ್ರ ಹೇಳಬೇಡ. ತಾಳವಾಡಿಯ ಅತ್ತೆಯ ಮನೆಯಲ್ಲಿದ್ದು ನಾವಿಬ್ಬರೂ ಐದನೇ ತರಗತಿವರೆಗೆ ಕನ್ನಡ ಓದಿದ್ದು ಒಳ್ಳೆಯದಾಯಿತು. ಅಮ್ಮನಿಗೆ ತಮಿಳು ಅಕ್ಷರ ಮಾತ್ರ ಗೊತ್ತು. ಈ ಕಾಗದ ಅವಳ ಕೈಗೇ ಸಿಕ್ಕರೂ ಭಯವಿಲ್ಲ.

ನಮ್ಮ ಕಂಪನಿಯಿಂದ ಬನಿಯನ್ ಕೊಳ್ಳಲು ಹಾಲೆಂಡಿನಿಂದ ಒಬ್ಬ ಬೈಯರ್ ಬರುತ್ತಾನೆ. ಹೋದ ವರ್ಷ ಅವನು ಒಂದು ಜೊತೆ ಸ್ಕೇಟ್ ಬಿಟ್ಟುಹೋದ. ಬೂಟಿನ ಅಡಿಯಲ್ಲಿ ನಾಲ್ಕು ಚಕ್ರಗಳು ಒಂದರ ಹಿಂದೆ ಒಂದು, ಒಂದೇ ಸಾಲು. ಮೊದಲು ಗೋದಾಮಿನೊಳಗೆ ಗೋಡೆ ಹಿಡಿದುಕೊಂಡು ಕಲಿತೆ. ಈಗ ಬೆಳಿಗ್ಗೆ ಐದೂವರೆಗೆ ಹೊರಟು ಅವಿನಾಶಿವರೆಗೆ ಹೋಗಿ ಏಳೂವರೆಯೊಳಗೆ ಕಂಪನಿಗೆ ಬರುತ್ತೇನೆ. ಇಪ್ಪತ್ತೇಳು ಕಿಲೋಮೀಟರ್. ನೂಲಿನ ಧೂಳು ತುಂಬಿದ ಎದೆಗೆ ದೂರದ ಉಸಿರು ಬೇಕು ಎಂದು ಡಾಕ್ಟರ್ ಹೇಳಿದ್ದರು. ಓಡಿದರೆ ಕೆಮ್ಮು ಬರುತ್ತಿತ್ತು. ಇದರಲ್ಲಿ ಬರುವುದಿಲ್ಲ.

ಅಪ್ಪ ಸೈಕಲ್ಲಿಗೆ ಸೀರೆ ಮೂಟೆ ಕಟ್ಟಿಕೊಂಡು ಹೋಗಿ ಲಾರಿಗೆ ಸಿಕ್ಕ ಮೇಲೆ ಅಮ್ಮ ನನಗೆ ಸೈಕಲ್ ಮುಟ್ಟಲು ಬಿಟ್ಟಿಲ್ಲ. ಅದೇ ರಸ್ತೆಯಲ್ಲಿ ನಾನು ಕಾಲಿಗೇ ಚಕ್ರ ಕಟ್ಟಿಕೊಂಡು ಹೋಗುತ್ತೇನೆ ಎಂದು ತಿಳಿದರೆ ಏನಾಗುತ್ತದೆ ಎಂದು ನಿನಗೇ ಗೊತ್ತು.

ಆ ಜೋಡು ನನ್ನ ಅಳತೆಯದಲ್ಲ. ಮುಂದೆ ಬನಿಯನ್ ತುಂಡು ತುರುಕಿಕೊಳ್ಳುತ್ತೇನೆ. ಹತ್ತು ಕಿಲೋಮೀಟರ್ ಆದಮೇಲೆ ಪಾದ ಜೋಮು ಹಿಡಿಯುತ್ತದೆ. ಚಕ್ರಗಳು ಒಳಬದಿಯಲ್ಲಿ ಸವೆದು ಬಾಳೆಕಾಯಿಯ ಹಾಗೆ ಓರೆಯಾಗಿವೆ. ಬೈಯರ್ ಆಗಸ್ಟಿನಲ್ಲಿ ಬರುವಾಗ ಹೊಸದು ತರುತ್ತೇನೆ ಎಂದಿದ್ದಾನೆ. ಎರಡು ಜೊತೆಗಳ ಚಿತ್ರ ಕೊಟ್ಟಿದ್ದಾನೆ, ಇದರೊಂದಿಗೆ ಇಟ್ಟಿದ್ದೇನೆ. ಒಂದಕ್ಕೆ ನಾಲ್ಕು ಚಕ್ರ, ಮೀನಖಂಡದ ಅರ್ಧದವರೆಗೆ ಬರುವ ಗಟ್ಟಿ ಪ್ಲಾಸ್ಟಿಕ್ ಬೂಟು, ಹಿಮ್ಮಡಿಯಲ್ಲಿ ಬ್ರೇಕು. ಇನ್ನೊಂದಕ್ಕೆ ಐದು ಚಕ್ರ, ಅವೂ ದೊಡ್ಡವು, ಗಿಡ್ಡ ಚರ್ಮದ ಶೂ, ಬ್ರೇಕಿಲ್ಲ. ಅವರ ಊರಿನಲ್ಲಿ ಚಳಿಗಾಲದಲ್ಲಿ ಕಾಲುವೆಗಳೇ ಮಂಜುಗಡ್ಡೆಯಾಗಿ, ಜನ ಅವುಗಳ ಮೇಲೆ ಊರಿಂದೂರಿಗೆ ಜಾರಿಕೊಂಡು ಹೋಗುತ್ತಾರಂತೆ. ಬೇಸಿಗೆಯಲ್ಲಿ ಕಾಲಿನ ಅಭ್ಯಾಸ ತಪ್ಪದಿರಲಿ ಎಂದು ಈ ಐದು ಚಕ್ರದ್ದನ್ನು ಹಾಕಿಕೊಳ್ಳುತ್ತಾರಂತೆ.

ಯಾವುದು ಆರಿಸಲಿ? ಇಲ್ಲಿ ಕೇಳಿದರೆ ಎಲ್ಲರೂ ನಗುತ್ತಾರೆ. ನೀನು ಯೋಚಿಸಿ ಬರೆ.

ನಿನ್ನ ಅಣ್ಣ,
ದೇವರಾಜನ್


ಅನ್ನೂರು
14-6-1988

ಅಣ್ಣನಿಗೆ ಚಂದ್ರಾಳ ನಮಸ್ಕಾರ.

ನಿನ್ನ ಕಾಗದ ಓದಿದೆ. ಲಾರಿ ಓಡುವ ರಸ್ತೆ ಅದು. ಹರಿದು ಒಲೆಗೆ ಹಾಕೋಣ ಎಂದುಕೊಂಡೆ. ಆಮೇಲೆ ಕೆಮ್ಮಿಲ್ಲ ಎಂದು ಬರೆದಿದ್ದನ್ನು ಇನ್ನೊಮ್ಮೆ ಓದಿದೆ. ಹಿಂದಿನ ವರ್ಷ ನೀನು ಇಲ್ಲಿ ಮಲಗಿದ್ದಾಗ ರಾತ್ರಿಯೆಲ್ಲ ನಿನ್ನ ಎದೆಯ ಸದ್ದು ಕೇಳುತ್ತಾ ನಾನೂ ಅಮ್ಮನೂ ಕೂತಿದ್ದೆವು. ಹರಿಯಲಿಲ್ಲ.

ನನಗೆ ಸ್ಕೇಟ್ ಗೊತ್ತಿಲ್ಲ, ಮಗ್ಗ ಗೊತ್ತು. ನಾಲ್ಕು ಖಾಲಿ ಬಾಬಿನ್ನುಗಳನ್ನು ಕಡ್ಡಿಗೆ ಸಿಕ್ಕಿಸಿ ಒಂದು ಪಟ್ಟಿಗೆ ಕಟ್ಟಿದೆ. ಇನ್ನೊಂದು ಉದ್ದದ ಪಟ್ಟಿಗೆ ಐದು ಕಟ್ಟಿದೆ. ಮೇಲೆ ಕಲ್ಲಿಟ್ಟು, ಮಗ್ಗದ ಗುಂಡಿಯ ಪಕ್ಕ ನೆಲ ಬಿರುಕು ಬಿಟ್ಟಿದೆಯಲ್ಲ, ಅದರ ಮೇಲೆ ಎಳೆದೆ. ನಾಲ್ಕರದ್ದು ಬಿರುಕಿನಲ್ಲಿ ಮೂಗು ತೂರಿಸಿ ನಿಂತಿತು. ಐದರದ್ದು ದಾಟಿತು. ಹತ್ತು ಸಲ ಎಳೆದೆ, ಒಂಬತ್ತು ಸಲ ಹಾಗೆಯೇ ಆಯಿತು.

ಅಮ್ಮ ನೋಡಿ, "ಏನ್ ಪುಳ್ಳೆ, ಮದ್ವೆ ವಯಸ್ನಲ್ಲಿ ಗಾಡಿ ಎಳ್ಕೊಂಡ್ ಕೂತಿದ್ದೀಯ?" ಎಂದಳು.

ನೂಲು ಸುತ್ತಲು ಬಂದಿದ್ದ ಪಕ್ಕದ ಮನೆಯ ಪಾಪಾತಿ ಅಕ್ಕ, "ಬಿಡಿ ಅಕ್ಕಾ, ಗಂಡನ್ ಮನೆಗೆ ಹೋಗಕ್ ಬಸ್ ಮಾಡ್ತವಳೆ" ಎಂದರು. ಇಬ್ಬರೂ ನಕ್ಕರು.

ಆದ್ದರಿಂದ ಐದು ಚಕ್ರದ್ದು ತಗೋ. ಗಿಡ್ಡ ಶೂ ಎಂದು ಹೆದರಬೇಡ. ಎತ್ತರದ ಬೂಟು ಕಾಲಿನ ಗೆಣ್ಣು ಗಟ್ಟಿಯಿಲ್ಲದವರಿಗೆ. ನೀನು ಹತ್ತು ವರ್ಷ ಮಗ್ಗ ತುಳಿದವನು. ಎರಡು ಗಂಟೆ ಹೊತ್ತು ಪ್ಲಾಸ್ಟಿಕ್ಕಿನೊಳಗೆ ಕಾಲು ಬೇಯುವುದಕ್ಕಿಂತ ಚರ್ಮ ಒಳ್ಳೆಯದು, ಅದು ಕಾಲಿಗೆ ಒಗ್ಗುತ್ತದೆ. ಬ್ರೇಕು ಇಲ್ಲದ್ದು ಮಾತ್ರ ನನಗೆ ಸರಿಕಾಣಲಿಲ್ಲ. ಇನ್ನೊಂದರದ್ದು ಬಿಚ್ಚಿ ಇದಕ್ಕೆ ಹಾಕಲು ಬರುತ್ತದೆಯೇ ಎಂದು ಕೇಳು. ಬೇರಿಂಗ್ ಹೋದರೆ ಗಾಂಧಿಪುರಂನಲ್ಲಿ ಸಿಗುವ ಅಳತೆಯೇ ಎಂದೂ ಕೇಳು.

ಪಾದದ ಅಳತೆಯನ್ನು ಬೆಳಿಗ್ಗೆ ಎದ್ದಕೂಡಲೇ ತೆಗೆಯಬೇಡ. ಅವಿನಾಶಿಗೆ ಹೋಗಿಬಂದು, ಕಾಲು ಊದಿರುವಾಗ ಕಾಗದದ ಮೇಲೆ ನಿಂತು ಗೆರೆ ಎಳೆ. ಎರಡೂ ಕಾಲು ಎಳೆ. ನಿನ್ನ ಬಲಗಾಲು ದೊಡ್ಡದು.

ಅಮ್ಮನಿಗೆ ಹೇಳುವುದಿಲ್ಲ. ಆದರೆ ಅವಳು ನಿನ್ನ ಕೆಮ್ಮಿನ ಮಾತೆತ್ತಿದರೆ ನಾನು ಮಗ್ಗದ ಕಡೆ ತಿರುಗಿಕೊಳ್ಳುತ್ತೇನೆ.

ನಿನ್ನ ತಂಗಿ,
ಚಂದ್ರಾ


ತಿರುಪ್ಪೂರು
10-7-1988

ಪ್ರೀತಿಯ ಚಂದ್ರಾ,

ನೀನು ಹೇಳಿದ್ದೇ ಸರಿ. ನಮ್ಮ ಗುಮಾಸ್ತ ಕುಪ್ಪಸಾಮಿ ಅಣ್ಣನ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಬೈಯರಿಗೆ ಟೆಲೆಕ್ಸ್ ಕಳಿಸಿದೆ. ಬ್ರೇಕು ಹಾಕಿಸಿಕೊಡುತ್ತಾನಂತೆ. ಬೇರಿಂಗ್ ನಮ್ಮ ಹೆಣಿಗೆ ಮಿಷನ್ನಿನಲ್ಲೂ ಇರುವ ಸಾಮಾನ್ಯ ಅಳತೆಯದೇ. ಪಾದದ ಗೆರೆಯನ್ನೂ ಅಂಚೆಯಲ್ಲಿ ಕಳಿಸಿದೆ. ನೀನು ಹೇಳಿದಂತೆ ಬಲಗಾಲು ಒಂದು ಕಡಲೆಕಾಳಿನಷ್ಟು ಉದ್ದವಿತ್ತು.

ಒಂದೇ ಮಾತು. ನಾಲ್ಕು ಚಕ್ರದ್ದಾದರೆ ಅವನ ಮಗನದ್ದು ಇತ್ತಂತೆ, ಸುಮ್ಮನೆ ಕೊಡುತ್ತಿದ್ದನಂತೆ. ಐದರದ್ದನ್ನು ಹೇಳಿ ಮಾಡಿಸಬೇಕಂತೆ. ಅದಕ್ಕೆ ಬದಲಾಗಿ ಬೇರೆ ಏನೋ ಕೇಳಿದ್ದಾನೆ, ದುಡ್ಡಲ್ಲ. ಅದನ್ನು ನಾನು ನೋಡಿಕೊಳ್ಳುತ್ತೇನೆ.

ಆಡಿ ಹದಿನೆಂಟರ ಹಬ್ಬಕ್ಕೆ ಬರುತ್ತೇನೆ. ಅಮ್ಮನಿಗೆ ಹೇಳು.

ನಿನ್ನ ಅಣ್ಣ,
ದೇವರಾಜನ್


ಅನ್ನೂರು
22-8-1988

ಅಣ್ಣ,

ಮನೆಯಲ್ಲಿ ಒಲೆ ಹಚ್ಚಿ ಎರಡು ದಿನವಾಯಿತು. ಪಾಪಾತಿ ಅಕ್ಕ ಕೊಟ್ಟ ಗಂಜಿಯನ್ನು ಅಮ್ಮ ಮುಟ್ಟಲಿಲ್ಲ, ನಾನು ಮಾತ್ರ ಕುಡಿದೆ.

ಮೊನ್ನೆ ಹಿಂದಿನ ಬೀದಿಯ ರಾಮಾತಾಳ್ ಅಜ್ಜಿ ತೀರಿಕೊಂಡರು. ಅವರ ಮದುವೆ ಸೀರೆಯನ್ನೇ ಹೊದಿಸಿ ಕಳಿಸಿದರು. ಅಮ್ಮ ಬಂದು ಸ್ನಾನ ಮಾಡಿ, ಏನೋ ಯೋಚನೆ ಬಂದು ಪೆಟ್ಟಿಗೆ ತೆಗೆದಳು. ಅಪ್ಪ ಅವಳ ಮದುವೆಗೆಂದು ತಾವೇ ನೆಯ್ದ ಸೀರೆ ಇಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಗಂಟು ಹಾಗೆಯೇ ಇದೆ, ಒಳಗೆ ನನ್ನ ಹಳೆಯ ಪಾವಡೆ ಮಡಚಿಟ್ಟಿದೆ.

ಅಮ್ಮ ಅಳಲಿಲ್ಲ. ಗಂಟನ್ನು ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ಹಾಗೆ ನಾಲ್ಕು ಸಲ ಮಾಡಿದಳು. ಆಮೇಲೆ, "ನಾನ್ ಹೋಗೋವಾಗ ಅದನ್ನೇ ಹೊದಿಸ್ಬೇಕು ಅಂತ ಇಟ್ಕೊಂಡಿದ್ದೆ, ನನ್ ಕಣ್ಣೇ. ಇನ್ ನನ್ನ ಯಾವ್ ಬಟ್ಟೆಲಿ ಕಳಿಸ್ತೀಯ?" ಎಂದಳು. ಈ ಮಾತನ್ನು ಅವಳು ನಮಗೆ ಎಂದೂ ಹೇಳಿರಲಿಲ್ಲ, ಅಲ್ಲವೇ? ನನಗಂತೂ ಹೇಳಿರಲಿಲ್ಲ.

ಬೀಗದ ಕೈ ಎಲ್ಲಿರುತ್ತದೆ ಎಂದು ಗೊತ್ತಿರುವ ಹೊರಗಿನವರು ಪಾಪಾತಿ ಅಕ್ಕ ಒಬ್ಬರೇ. ಅಮ್ಮ ಬಾಯಿಬಿಟ್ಟು ಹೇಳಿಲ್ಲ. ಆದರೆ ನಿನ್ನೆ ಅವರು ನೂಲಿನ ಬುಟ್ಟಿ ಹಿಡಿದು ಒಳಗೆ ಬರುವಾಗ, "ಅಲ್ಲೇ ಇಡು" ಎಂದಳು. ಹನ್ನೆರಡು ವರ್ಷದಲ್ಲಿ ಅವರನ್ನು ಬಾಗಿಲಲ್ಲಿ ನಿಲ್ಲಿಸಿದ್ದು ಇದೇ ಮೊದಲು.

ಪೋಲೀಸಿಗೆ ಹೇಳೋಣವೇ ಎಂದೆ. "ಅವ್ರ್ ಹತ್ರ ನಾನ್ ಯಾಕ್ ಹೋಗ್ಲಿ? ಆತ್ತಾ ತಾಯಿ ಹತ್ರ ಹೋಗ್ತೀನಿ" ಎಂದಳು. ಸೆಪ್ಟೆಂಬರ್ ಎರಡು, ಶುಕ್ರವಾರ, ಆನೈಮಲೈ ಗುಡಿಗೆ ಹೋಗಿ ಮಾಸಾಣಿ ಅಮ್ಮನ ಮುಂದೆ ಮೆಣಸಿನಕಾಯಿ ಅರೆದು ಕಲ್ಲಿಗೆ ಹಚ್ಚುತ್ತಾಳಂತೆ. ಕದ್ದವರನ್ನು ಆತ್ತಾ ತೊಂಬತ್ತು ದಿನದಲ್ಲಿ ತೋರಿಸುತ್ತಾಳೆ, ಮೈಗೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಸುತ್ತಾಳೆ ಎನ್ನುತ್ತಾಳೆ.

ಅರೆಯಲಿ ಅಣ್ಣ. ಯಾರೇ ಆಗಲಿ, ಸತ್ತವರು ನೆಯ್ದದ್ದನ್ನು ಪೆಟ್ಟಿಗೆಯಿಂದ ತೆಗೆದವರಿಗೆ ಉರಿಯಲಿ ಎಂದೇ ನನಗೂ ಅನ್ನಿಸುತ್ತಿದೆ.

ಚಂದ್ರಾ


ತಿರುಪ್ಪೂರು
29-8-1988

ಚಂದ್ರಾ,

ಅಮ್ಮನನ್ನು ತಡೆ. ಬೇರೆ ಯಾವುದನ್ನೂ ಓದದಿದ್ದರೂ ಇದೊಂದನ್ನು ಓದು. ಕಾಲು ಉಳುಕಿದೆ ಎನ್ನು, ಜ್ವರ ಎನ್ನು, ಏನಾದರೂ ಹೇಳಿ ಶುಕ್ರವಾರ ಹೋಗದಂತೆ ಮಾಡು.

ತೆಗೆದವನು ನಾನು.

ಬೈಯರಿನ ಹೆಂಡತಿ ಹಳೆಯ ಕೈಮಗ್ಗದ ಬಟ್ಟೆ ಕೂಡಿಡುತ್ತಾಳಂತೆ. ಐದು ಚಕ್ರದ್ದಕ್ಕೆ ಬದಲು ಹಳೆಯ ಸೀರೆ ಒಂದು ಬೇಕೆಂದ. ಅಂಗಡಿಯದು ಬೇಡ, ಮನೆಯಲ್ಲಿ ನೆಯ್ದದ್ದು ಬೇಕೆಂದ. ಆಡಿ ಹದಿನೆಂಟರಂದು ನೀವಿಬ್ಬರೂ ಮೊಳಕೆಯ ಮಡಕೆ ಹಿಡಿದು ಕೆರೆಗೆ ಹೋದಾಗ ತಲೆನೋವೆಂದು ನಾನು ಉಳಿದೆನಲ್ಲ, ಆಗ ತೆಗೆದೆ. ಅಮ್ಮ ಅದನ್ನು ಉಟ್ಟದ್ದನ್ನು ನಾನು ನೋಡೇ ಇಲ್ಲ. ಸುಮ್ಮನೆ ಮಡಿಕೆ ಬಿಟ್ಟು ಹರಿದು ಹೋಗುತ್ತದೆ ಎಂದುಕೊಂಡೆ. ಪೊಂಗಲ್ಲಿಗಷ್ಟೇ ಪೆಟ್ಟಿಗೆ ತೆಗೆಯುತ್ತಾಳೆ, ಅಷ್ಟರಲ್ಲಿ ನಾನೇ ಹೇಳುತ್ತೇನೆ ಎಂದುಕೊಂಡೆ. ಯಾತಕ್ಕಾಗಿ ಇಟ್ಟಿದ್ದಾಳೆಂದು ನನಗೂ ಗೊತ್ತಿರಲಿಲ್ಲ. ನಿನ್ನ ಕಾಗದದಲ್ಲಿ ಅದನ್ನು ಓದಿದಾಗ ಹೆಣಿಗೆ ಮಿಷನ್ ಓಡುತ್ತಿತ್ತು. ಅದರ ಸದ್ದು ನನಗೆ ಕೇಳಿಸಲಿಲ್ಲ.

ಬೈಯರ್ ಬಂದು ಜೋಡು ಕೊಟ್ಟು ಸೀರೆ ಒಯ್ದ. ಜೋಡಿನ ಬಗ್ಗೆ ಈಗ ಬರೆಯಲಾರೆ.

ಪಾಪಾತಿ ಅಕ್ಕನನ್ನು ಒಳಗೆ ಕರೆಯಲು ಹೇಳು.

ದೇವರಾಜನ್


ಅನ್ನೂರು
3-9-1988

ಅಣ್ಣ,

ನಿನ್ನ ಕಾಗದ ಗುರುವಾರವೇ ಬಂದಿತ್ತು.

ನಾನು ನೂಲು ತರಲು ಸೊಸೈಟಿಗೆ ಹೋಗಿದ್ದೆ. ಪೋಸ್ಟ್‌ಮ್ಯಾನ್ ಅಮ್ಮನ ಕೈಯಲ್ಲಿ ಕೊಟ್ಟ. ಕನ್ನಡ ಅಕ್ಷರ ನೋಡಿ ನಿನ್ನದೆಂದು ತಿಳಿದಳು. ದೇವರ ಪಟದ ಹಿಂದೆ ಸಿಕ್ಕಿಸಿದಳು, ಹೊರಡುವ ಗಡಿಬಿಡಿಯಲ್ಲಿ ಮರೆತಳು. ನಾನು ಆ ಪಟಕ್ಕೆ ಕೈಮುಗಿದು ಬಸ್ಸು ಹತ್ತಿದೆ.

ಗಾಂಧಿಪುರಂನಲ್ಲಿ ಇಳಿದು, ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಿ, ಆನೈಮಲೈ ಸೇರುವಾಗ ಹತ್ತೂವರೆ. ಗುಡಿಯಲ್ಲಿ ಆತ್ತಾ ನೆಲದ ಮೇಲೆ ಮಲಗಿದ್ದಾಳೆ. ನನ್ನ ಕಣ್ಣಿಗೆ ನಮ್ಮ ಮನೆಗಿಂತ ಉದ್ದ ಕಂಡಳು. ಅರೆಯುವ ಕಲ್ಲಿನ ಮುಂದೆ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರೂ ಘಾಟಿಗೆ ಕೆಮ್ಮುತ್ತಿದ್ದರು. ನಮ್ಮ ಸರದಿ ಬಂತು. ಅಮ್ಮ ಮೂರು ಸುತ್ತು ಅರೆದಳು. ಮಗ್ಗದಲ್ಲಿ ಸವೆದ ಮಣಿಕಟ್ಟು, ನಾಲ್ಕನೇ ಸುತ್ತಿಗೆ ಆಗಲಿಲ್ಲ. "ನೀನ್ ಅರೆ ನನ್ ಕಣ್ಣೇ, ನಿನ್ ಕೈ ಬೇರೆ ಅಲ್ಲ ನನ್ ಕೈ ಬೇರೆ ಅಲ್ಲ" ಎಂದಳು.

ನಾನು ಅರೆದೆ. ಒಂದು ತರಿ ಉಳಿಯದ ಹಾಗೆ ಅರೆದೆ. ಅಮ್ಮ ನನ್ನ ಪಕ್ಕ ಕೂತು, "ಪೆಟ್ಟಿಗೆ ತೆಗ್ದ ಕೈ ಉರೀಲಿ, ಎತ್ಕೊಂಡ್ ನಡ್ದ ಕಾಲು ಉರೀಲಿ" ಎಂದು ಹೇಳುತ್ತಿದ್ದಳು. ನಾನೂ ಜೊತೆಗೆ ಹೇಳಿದೆ. ಆ ಕೆಂಪನ್ನು ಕಲ್ಲಿಗೆ ಬಳಿದದ್ದೂ ನಾನೇ.

ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ತೊಳೆಯುವಾಗ ಅಮ್ಮನಿಗೆ ಕಾಗದ ನೆನಪಾಯಿತು. ನಾನು ಬಾಗಿಲ ಬಳಿ ನಿಂತು ಓದಿದೆ.

"ಏನ್ ಬರ್ದವ್ನೆ?" ಎಂದು ಒಳಗಿನಿಂದ ಕೇಳಿದಳು.

"ಚೆನ್ನಾಗವ್ನಂತೆ."

"ಸೀರೆ ವಿಷ್ಯ ತಿಳ್ದು ಬೇಜಾರ್ ಮಾಡ್ಕೊಂಡವ್ನಾ?"

"ಮಾಡ್ಕೊಂಡವ್ನೆ."

"ಪಾಪ. ಅಪ್ಪನ್ ಮೇಲೆ ಅವ್ನಿಗ್ ಪ್ರಾಣ."

ಐದು ಚಕ್ರದ್ದನ್ನು ತಗೋ ಎಂದು ಬಾಬಿನ್ ಎಳೆದು ತೋರಿಸಿದವಳು ನಾನು. ನಾಲ್ಕು ಎಂದಿದ್ದರೆ ಸೀರೆ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಆದರೆ ಅದಕ್ಕೆ ಬದಲು ಏನು ಕೊಡುತ್ತೀಯ ಎಂದು ನೀನು ನನಗೆ ಹೇಳಲಿಲ್ಲ.

ಸೀರೆಯನ್ನು ವಾಪಸ್ ತರಿಸು. ರಸ್ತೆಗೆ ಇಳಿಯಬೇಡ. ನಿನ್ನೆಯಿಂದ ಲಾರಿಯ ಹಾರನ್ ಕೇಳಿದರೆ ನನಗೆ ನಿನ್ನ ಕಾಲೇ ಕಣ್ಣ ಮುಂದೆ ಬರುತ್ತದೆ.

ಚಂದ್ರಾ


ತಿರುಪ್ಪೂರು
13-9-1988

ಚಂದ್ರಾ,

ಕುಪ್ಪಸಾಮಿ ಅಣ್ಣನ ಕಾಲಿಗೆ ಬಿದ್ದು ಟೆಲೆಕ್ಸ್ ಮಾಡಿಸಿದೆ. ಜೋಡು ವಾಪಸ್ ಕೊಡುತ್ತೇನೆ, ಸೀರೆ ಕೊಡಿ ಎಂದು. ಮೂರನೇ ದಿನ ಉತ್ತರ ಬಂತು. ಅವರೇ ಓದಿದರು. "ತಂಬಿ, ಅದನ್ನ ಕತ್ತರಿಸಿಬಿಟ್ಟವ್ರೆ" ಎಂದರು. ಸೆರಗನ್ನು ಬೇರೆ ಮಾಡಿ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರಂತೆ. ತುಂಬಾ ಚೆಂದ ಕಾಣುತ್ತದೆ, ನಿಮಗೆ ಧನ್ಯವಾದ ಎಂದು ಬರೆದಿದ್ದಾರೆ.

ಅಪ್ಪನ ನೇಯ್ಗೆಗೆ ಕತ್ತರಿ ಹಾಕಿಸಿದವನು ನಾನು. ಇದನ್ನು ಎಷ್ಟು ಸಲ ಬರೆದರೂ ಬೇರೆಯವನ ವಿಷಯ ಬರೆದ ಹಾಗೆ ಇದೆ.

ಸೀರೆ ಹೋದ ಸುದ್ದಿಯ ನಿನ್ನ ಕಾಗದ ಬರುವ ಮೊದಲು ಹೊಸ ಜೋಡನ್ನು ಒಂದೇ ಒಂದು ಬೆಳಿಗ್ಗೆ ಹಾಕಿಕೊಂಡಿದ್ದೆ. ನಿನಗೆ ಹೇಳಬೇಕು, ಆರಿಸಿದವಳು ನೀನು. ಒಂದು ಸಲ ಒತ್ತಿದರೆ ಹಳೆಯದರಲ್ಲಿ ಎರಡು ಸಲ ಒತ್ತಿದಷ್ಟು ದೂರ. ಪಾದ ಜೋಮು ಹಿಡಿಯಲಿಲ್ಲ. ಅವಿನಾಶಿಯಿಂದ ಹಿಂದಿರುಗುವಾಗ ನನಗೆ ನನ್ನ ಉಸಿರೇ ಕೇಳಿಸಲಿಲ್ಲ. ಆನೈಮಲೈಗೆ ಹೋದ ವಿಷಯದ ಕಾಗದ ಬಂದ ಮೇಲೆ ಒಂದು ದಿನ ಕಟ್ಟಿಕೊಂಡು ಗೋದಾಮಿನ ಬಾಗಿಲವರೆಗೆ ಹೋದೆ. ಎರಡು ಪಾದವೂ ಉರಿಯುತ್ತಿತ್ತು. ಬಿಚ್ಚಿ ನೋಡಿದರೆ ಏನೂ ಇಲ್ಲ. ಹೊಸ ಚರ್ಮ ಇರಬಹುದು. ಆಮೇಲೆ ಕಟ್ಟಿಲ್ಲ. ಕೆಮ್ಮು ಸ್ವಲ್ಪ ಶುರುವಾಗಿದೆ.

ಒಂದು ಯೋಚನೆ. ನಿನಗೆ ಅಪ್ಪನ ಕೈಚಳಕ ಬರುತ್ತದೆ. ಅದೇ ಬಣ್ಣ, ಅದೇ ಅಂಚು ಹಾಕಿ ಒಂದು ನೆಯ್ದು, ಹಳೆಯದಾಗುವ ಹಾಗೆ ಹತ್ತು ಸಲ ಒಗೆದು ಪೆಟ್ಟಿಗೆಯಲ್ಲಿ ಇಟ್ಟುಬಿಡು. ಅಮ್ಮನ ಕಣ್ಣೂ ಈಗ ಮಂಜು. ಸಿಕ್ಕಿತು ಎಂದುಕೊಳ್ಳುತ್ತಾಳೆ. ಎಲ್ಲ ಮುಗಿಯುತ್ತದೆ.

ದೇವರಾಜನ್


ಅನ್ನೂರು
26-9-1988

ಅಣ್ಣ,

ನೀನು ಕೊನೆಗೆ ಬರೆದದ್ದನ್ನು ಓದಿ, ಇದು ನಿನ್ನ ಕೈಬರಹವೇ ಎಂದು ಎರಡು ಸಲ ನೋಡಿದೆ. ನಾನು ನೆಯ್ಯಬಲ್ಲೆ. ಅದನ್ನು ಹೊದಿಸಿ ಅಮ್ಮನನ್ನು ಕಳಿಸಬಲ್ಲೆನೇ? ನೀನು ಕಳಿಸಬಲ್ಲೆಯಾ?

ಶನಿವಾರ ಪಾಪಾತಿ ಅಕ್ಕ ಬಂದರು. ಬಾಗಿಲಲ್ಲೇ ನಿಂತು ಎರಡು ಅಂಗೈಗಳನ್ನೂ ಚಾಚಿದರು. "ಅಕ್ಕಾ, ನೀವ್ ಆನೈಮಲೈಗ್ ಹೋಗಿಬಂದು ಇಪ್ಪತ್ತೆರಡ್ ದಿನ ಆಯ್ತು. ದಿನಾ ಎದ್ದು ಕೈ ನೋಡ್ಕೋತಾ ಇದ್ದೀನಿ. ಕದೀದಿದ್ರೂ ಉರೀತದೇನೋ ಅಂತ ಭಯ. ನೀವೇ ನೋಡಿ" ಎಂದರು. ಅಮ್ಮ ತಲೆಯೆತ್ತಲಿಲ್ಲ. ಅವರು ಹಾಗೆಯೇ ಸ್ವಲ್ಪ ಹೊತ್ತು ಕೈ ಚಾಚಿಕೊಂಡು ನಿಂತಿದ್ದು ಹೋದರು.

ನಾನು ಮಗ್ಗದಿಂದ ಎದ್ದೆ. ನಿನ್ನ ಕಾಗದಗಳನ್ನೆಲ್ಲ ತಂದು ಅಮ್ಮನ ಎದುರು ಕೂತು ಮೊದಲಿನಿಂದ ಓದಿದೆ. ನಾನು ನಿನಗೆ ಬರೆದದ್ದನ್ನು ನೆನಪಿದ್ದಷ್ಟು ನಡುವೆ ಹೇಳಿದೆ. ಏನನ್ನೂ ಬಿಡಲಿಲ್ಲ.

ಅವಿನಾಶಿ ರಸ್ತೆ ಎಂದು ಓದಿದಾಗ ಅವಳು ಎರಡು ಕೈಯಿಂದ ನೆಲ ಹಿಡಿದುಕೊಂಡಳು. ತೆಗೆದವನು ನಾನು ಎಂದು ಓದಿದಾಗ ಏನೂ ಆಗದವಳ ಹಾಗೆ ನನ್ನ ಬಾಯನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಓದು ಎಂದಳು. ಓದಿದೆ. ಕತ್ತರಿಸಿದ ವಿಷಯಕ್ಕೆ ಬಂದಾಗ, "ಕತ್ರಿಸಿದ್ರಾ?" ಎಂದಳು. ಹೌದೆಂದೆ. ನಾನು ಹೇಳಿದ್ದು ಕೇಳಿಸದವಳ ಹಾಗೆ ಮತ್ತೆ, "ಕತ್ರಿಸಿದ್ರಾ?" ಎಂದಳು.

ಆಮೇಲೆ ಎದ್ದು ಪಾಪಾತಿ ಅಕ್ಕನ ಮನೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಸಂಜೆ ಇಬ್ಬರೂ ಒಟ್ಟಿಗೆ ಬಂದರು. ಪಾಪಾತಿ ಅಕ್ಕ ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ಅಮ್ಮ ಕಾಗದ ತಾ ಎಂದಳು. ಇಲ್ಲಿಂದ ಮುಂದಿನದು ಅವಳ ಮಾತು. ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ.

ದೇವರಾಜಾ, ಆ ಕಲ್ಲಿನ ಮುಂದೆ ನಿನ್ನ ಕೈಕಾಲು ಉರೀಲಿ ಅಂತ ಹೇಳಿದ್ದು ನಾನು. ಬಾಯ್ತುಂಬ ಹೇಳ್ದೆ. ಅದನ್ನ ನಾನೇ ಹೋಗಿ ತಣಿಸ್ಬೇಕು. ಕದ್ದೋನು ಪಕ್ಕದಲ್ಲಿ ನಿಂತಿರ್ಬೇಕು. ಅಕ್ಟೋಬರ್ ಏಳು, ಶುಕ್ರವಾರ, ಬೆಳಗ್ಗೆ ಪೊಳ್ಳಾಚಿ ಬಸ್ ಸ್ಟ್ಯಾಂಡಿಗೆ ಬಾ. ಆ ಜೋಡು ತಗೊಂಡ್ ಬಾ.

ನಿಮ್ಮಪ್ಪ ಆ ಸೀರೆನ ನಲವತ್ತು ದಿನ ನೆಯ್ದ್ರು. ಸೆರಗ್ ಹತ್ರ ಎರಡ್ ಸಲ ಬಿಚ್ಚಿ ಮತ್ತೆ ನೆಯ್ದ್ರು. ಅದು ಈಗ ಏನಾಗಿದೆ ಅಂತ ನನ್ ಕಣ್ಣಲ್ಲಿ ನಾನ್ ನೋಡ್ಬೇಕು. ಪೊಳ್ಳಾಚಿಯಿಂದ ಆನೈಮಲೈಗೆ ನೀನ್ ಬಸ್ ಹತ್ತಬಾರ್ದು. ಆ ಜೋಡನ್ನ ಕಟ್ಕೊಂಡೇ ಬಾ. ನಾನೂ ಪಾಪಾತಿನೂ ಚಂದ್ರಾನೂ ಟೌನ್ ಬಸ್ಸಲ್ಲಿ ಹಿಂದ್ಗಡೆ ಕೂತು ನೋಡ್ಕೊಂಡ್ ಬರ್ತೀವಿ. ಲಾರಿ ಬಂದ್ರೆ ಓರೆಗೆ ಹೋಗು. ಬಿದ್ರೆ ನಾನ್ ಇಳಿಯಲ್ಲ, ನೀನೇ ಎದ್ದು ಬರ್ಬೇಕು. ದೂರ ಹೋಗ್ಬೇಕು ಅಂತ ತಾನೇ ತಗೊಂಡಿದ್ದು.

ಕೆಮ್ಮಿಗೆ ಮೊದ್ಲು ಮದ್ದು ತಗೋ.

ಇಷ್ಟೇ ಹೇಳಿದಳು. ಕ್ಷಮಿಸಿದ್ದೀಯಾ, ಹಾಗೆಂದು ಬರೆಯಲೇ ಎಂದು ಕೇಳಿದೆ. ಅವಳು ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು ಕೆಳಗೆ ಅಂಗಮ್ಮ ಎಂದು ತನ್ನ ಹೆಸರು ಬರೆದಳು. ಅದು ತಮಿಳಿನಲ್ಲಿದೆ, ನಿನಗೆ ಓದಲು ಬರುತ್ತದೆ.

ಚಂದ್ರಾ

அங்கம்மா